ಉಳಿದ ಏಳು ಜನ ಬಸ್ಸಿಗೆ ಕಾಯ್ತಿದ್ರಾ?

ಪ್ರಶ್ನೆ: ನಾವು ಹಾಸನದ ಗೆಳೆಯರು ಸೇರಿ ಅರ್ಧ ಗಂಟೆಯ ಒಂದು ಗೂಢಚಾರಿ ಸಿನಿಮಾ ಮಾಡುತ್ತಿದ್ದೇವೆ. ವಿಲನ್ ಅಡ್ಡೆಗೆ ಸಕಲೇಶಪುರ ಕಡೆ ಒಂದು ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ, ಈಗ ಬಳಕೆ ಬಿಟ್ಟ ಪಲ್ಪರ್ ಮನೆ ಸಿಕ್ಕಿದೆ. ಹೀರೊ ಒಬ್ಬ, ವಿಲನ್ ಕಡೆ ಚೇಲಾಗಳು ಎಂಟು ಜನ, ಎಲ್ಲರೂ ನಮ್ಮ ಜಿಮ್ ಮತ್ತು ಕಬಡ್ಡಿ ಹುಡುಗರು. ಹೋದ ಭಾನುವಾರ ಮೊಬೈಲಿನಲ್ಲೇ ಒಂದು ಟ್ರಯಲ್ ತೆಗೆದೆವು. ನೋಡಿದವರೆಲ್ಲ ನಕ್ಕರು. "ಒಬ್ಬನಿಗೆ ಒದೆ ಬೀಳ್ತಿರುವಾಗ ಉಳಿದ ಏಳು ಜನ ಬಸ್ಸಿಗೆ ಕಾಯ್ತಿದ್ರಾ?" ಅಂತ ನನ್ನ ಅಕ್ಕನೇ ಕೇಳಿದಳು. ಏಟು ತಗಲಿದಂತೆಯೂ ಕಾಣಲ್ಲ. ಅದರ ಮೇಲೆ ಒಬ್ಬ ಹುಡುಗ ಬೀಳುವಾಗ ಮಣಿಕಟ್ಟು ಉಳುಕಿಸಿಕೊಂಡ, ಐದು ದಿನವಾದರೂ ನೋವಿದೆ. ಇನ್ನೊಬ್ಬ ಹತ್ತು ಅಡಿ ಅಟ್ಟದಿಂದ ಹಿಂದಕ್ಕೆ ಬೀಳ್ತೀನಿ, ಕೆಳಗೆ ಭತ್ತದ ಹುಲ್ಲು ಹಾಕಿದ್ರೆ ಸಾಕು ಅಂತಾನೆ. ತಲೆ ಮೇಲೆ ಬಾಟಲಿ ಒಡೆಯುವ ಶಾಟ್ ಇದೆ. ತೋಟದ ಸಾಹುಕಾರರು ತಮ್ಮ ಡಬಲ್ ಬ್ಯಾರಲ್ ಬಂದೂಕನ್ನು ಖಾಲಿ ಮಾಡಿ ಕೊಡ್ತೀನಿ ಅಂದಿದ್ದಾರೆ. ಕೊನೆಗೆ ಇಬ್ಬರು ಚೇಲಾಗಳು ಹೇಮಾವತಿ ಹಿನ್ನೀರಿಗೆ ಬೀಳಬೇಕು. ಒಟ್ಟು ಬಜೆಟ್ 40 ಸಾವಿರ. ಬೆಂಗಳೂರಿನಿಂದ ಫೈಟ್ ಮಾಸ್ಟರ್ ಕರೆಸುವ ಶಕ್ತಿ ಇಲ್ಲ. ಏನು ಮಾಡೋದು ಸರ್?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಹೆಣೆದುಕೊಂಡಿವೆ. ಫೈಟ್ ನಗೆಪಾಟಲಾಗಿದೆ ಎಂಬುದು ಒಂದು, ಹುಡುಗರಿಗೆ ಏಟಾಗುತ್ತಿದೆ ಎಂಬುದು ಇನ್ನೊಂದು. ಎರಡಕ್ಕೂ ಬೇರು ಒಂದೇ. ನೀವು ಫೈಟನ್ನು ಹೀರೊ ಕಡೆಯಿಂದ ಬರೆದಿದ್ದೀರಿ: ಅವನು ಏನು ಮಾಡುತ್ತಾನೆ, ಎಷ್ಟು ಜನರನ್ನು ಕೆಡವುತ್ತಾನೆ ಅಂತ. ತೆರೆಯ ಮೇಲೆ ಹೀರೊನ ಕೈ ಗಾಳಿಯಲ್ಲಿ ಬೀಸಿ ಹೋಗುತ್ತದೆ, ಅಷ್ಟೆ. ಆ ಕೈಗೆ ತೂಕ ಬರುವುದು ಬೀಳುವವನಿಂದ. ಹಾಗಾಗಿ ಪೇಪರ್ ತೆಗೆದುಕೊಂಡು ಎಂಟು ಚೇಲಾಗಳಿಗೆ ಎಂಟು ಸಾಲು ಹಾಕಿ, ಒಬ್ಬೊಬ್ಬನ ಕಡೆಯಿಂದ ಮತ್ತೆ ಬರೆಯಿರಿ. ಎಲ್ಲಿಂದ ಬಂದ, ಏನು ಕೆಲಸದಲ್ಲಿದ್ದ, ಯಾಕೆ ತಡವಾಯಿತು, ಎಲ್ಲಿ ಬೀಳುತ್ತಾನೆ, ಬಿದ್ದ ಮೇಲೆ ಎಲ್ಲಿರುತ್ತಾನೆ.

ನಿಮ್ಮ ಅಕ್ಕನ ಪ್ರಶ್ನೆ ಸರಿಯಾದದ್ದೇ. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬಂದಾಗಿನಿಂದ ಕನ್ನಡದವರು ಗೂಢಚಾರಿ ಸಿನಿಮಾದ ಚೇಲಾಗಳನ್ನು ನೋಡುತ್ತ ಬಂದಿದ್ದಾರೆ. ಸುಮ್ಮನೆ ನಿಂತು ಮುಷ್ಟಿ ಆಡಿಸುವವನನ್ನು ತಕ್ಷಣ ಹಿಡಿಯುತ್ತಾರೆ. ಆದರೆ "ಹಾಗಾದರೆ ಎಂಟೂ ಜನ ಒಟ್ಟಿಗೆ ಹೀರೊ ಮೇಲೆ ಬೀಳಲಿ" ಎನ್ನುವುದು ಪರಿಹಾರವಲ್ಲ. ಎಂಟು ಜನ ಒಟ್ಟಿಗೆ ಮುತ್ತಿದರೆ ಮೂರು ಸೆಕೆಂಡಿನಲ್ಲಿ ಹೀರೊ ನೆಲದಲ್ಲಿರುತ್ತಾನೆ, ಸಿನಿಮಾ ಮುಗಿಯಿತು. ಅದೂ ಅಲ್ಲದೆ ಒಂದೇ ಜಾಗದಲ್ಲಿ ಹದಿನಾರು ಕೈ ಆಡಿದರೆ ಯಾರ ಮೊಣಕೈ ಯಾರ ಹಲ್ಲಿಗೆ ಎಂದು ಹೇಳಲಾಗುವುದಿಲ್ಲ. ಫೈಟರ್‌ಗಳಿಗೆ ಏಟಾಗುವುದು ದೊಡ್ಡ ಹಾರಾಟದಲ್ಲಷ್ಟೇ ಅಲ್ಲ, ಇಂಥ ನೂಕುನುಗ್ಗಲಿನಲ್ಲೂ.

ಪರಿಹಾರ ನಿಮ್ಮ ಪಲ್ಪರ್ ಮನೆಯಲ್ಲೇ ಇದೆ. ಅಲ್ಲಿ ಕಿರಿದಾದ ಮೆಟ್ಟಿಲು, ಕಂಬಗಳು, ಹಣ್ಣು ತೊಳೆಯುವ ತೊಟ್ಟಿಗಳು, ತೊಟ್ಟಿಗಳ ನಡುವೆ ಒಬ್ಬನೇ ನಡೆಯಬಹುದಾದ ಕಟ್ಟೆ ಇರುತ್ತದೆ. ಟ್ರಯಲ್ ತೆಗೆದದ್ದು ಬಯಲು ಕಣದಲ್ಲಿರಬೇಕು ಎಂದು ನನ್ನ ಊಹೆ. ಬಯಲಿನಲ್ಲಿ ಕಾಯುವುದಕ್ಕೆ ಕಾರಣವೇ ಸಿಗುವುದಿಲ್ಲ. ಫೈಟನ್ನು ಕಟ್ಟೆಯ ಮೇಲೆ ತನ್ನಿ. ಆಗ ಎದುರಿಗೆ ಒಬ್ಬ, ಹಿಂದೆ ಒಬ್ಬ, ಅಷ್ಟೇ ಬರಲು ಸಾಧ್ಯ. ಮೂರನೆಯವನು ಬರಬೇಕೆಂದರೆ ತೊಟ್ಟಿಗೆ ಇಳಿದು ಹತ್ತಬೇಕು. ಆ ಹತ್ತುವ ಎರಡು ಸೆಕೆಂಡೇ ನಿಮಗೆ ಬೇಕಾದ ಸಮಯ. ನಾಲ್ಕನೆಯವನ ದಾರಿಗೆ ಬಿದ್ದ ಗೆಳೆಯನೇ ಅಡ್ಡ. ಐದನೆಯವನು ಮೇಲಿನ ಅಟ್ಟದಿಂದ ಮೆಟ್ಟಿಲಿಳಿದು ಓಡಿ ಬರುತ್ತಿದ್ದಾನೆ, ಅವನ ಬೂಟಿನ ಸದ್ದು ಮೊದಲು, ಮುಖ ಆಮೇಲೆ. ಆರನೆಯವನಿಗೆ ಜಗಳಕ್ಕಿಂತ ದೊಡ್ಡ ಕೆಲಸವಿದೆ: ಪೆಟ್ಟಿಗೆಯನ್ನೋ ಪೆನ್‌ಡ್ರೈವನ್ನೋ ಎತ್ತಿಕೊಂಡು ಜೀಪಿಗೆ ಓಡುವುದು. ಏಳನೆಯವನು ಜೀಪ್ ಸ್ಟಾರ್ಟ್ ಮಾಡುತ್ತಿರುತ್ತಾನೆ. ಎಂಟನೆಯವನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನಿಯಮ ಇಷ್ಟು: ಒಂದು ಫ್ರೇಮಿನಲ್ಲಿ ನಿಂತ ಚೇಲಾಗಳು ಮೂರಕ್ಕಿಂತ ಹೆಚ್ಚಿರಬಾರದು. ಮೂರರಲ್ಲಿ ಒಬ್ಬ ಹೊಡೆಯುತ್ತಿರಬೇಕು, ಒಬ್ಬ ಏಳುತ್ತಿರಬೇಕು, ಒಬ್ಬ ಬರುತ್ತಿರಬೇಕು. ಸುಮ್ಮನೆ ನಿಂತವನು ಕಂಡರೆ ಅವನನ್ನು ಫ್ರೇಮಿನಿಂದ ಆಚೆ ಕಳಿಸಿ. ಒಂದು ಶಾಟಿಗೆ ಮೂರರಿಂದ ಐದು ಏಟು ಸಾಕು. ಹನ್ನೆರಡು ಏಟಿನ ಉದ್ದನೆಯ ಶಾಟ್ ತೆಗೆಯಬೇಕೆಂಬ ಆಸೆ ನಿಮ್ಮ ವಯಸ್ಸಿನವರಿಗೆಲ್ಲ ಇರುತ್ತದೆ. ಎಂಟನೆಯ ಏಟಿಗೆ ಉಸಿರು ಹೋಗಿರುತ್ತದೆ, ಒಂಬತ್ತನೆಯದು ನಿಜವಾಗಿ ಬೀಳುತ್ತದೆ.

ಎಂಟು ಜನ ಹದಿನೈದಾಗಿ ಕಾಣಬೇಕೇ? ಒಂದೇ ಬಣ್ಣದ ಓವರಾಲ್, ಒಂದೇ ಟೋಪಿ, ಮೂಗಿನವರೆಗೆ ಬಟ್ಟೆ. ಬಾಂಡ್ ಮಾದರಿಯ ಸಿನಿಮಾಗಳಲ್ಲಿ ವಿಲನ್ ಸೈನ್ಯಕ್ಕೆಲ್ಲ ಒಂದೇ ಯೂನಿಫಾರ್ಮ್ ಇರುವುದು ಶೋಕಿಗೆ ಮಾತ್ರವಲ್ಲ. ಮುಖ ಮುಚ್ಚಿದ್ದರೆ ಬೆಳಗ್ಗೆ ಮೆಟ್ಟಿಲ ಮೇಲೆ ಸತ್ತವನು ಮಧ್ಯಾಹ್ನ ಬಾಗಿಲ ಬಳಿ ಮತ್ತೆ ಸಾಯಬಹುದು. ಓವರಾಲ್ ಅನ್ನು ಒಂದು ಸೈಜ್ ದೊಡ್ಡದು ಕೊಳ್ಳಿ, ಒಳಗೆ ಮೊಣಕಾಲು ಮೊಣಕೈ ಪ್ಯಾಡ್ ಹಿಡಿಸಬೇಕು. ಮುಖದ ಬಟ್ಟೆ ಕಣ್ಣಿಗೆ ಜಾರದಂತೆ ಹಿಂದೆ ಪಿನ್ ಬೇಡ, ಹೊಲಿಗೆ ಹಾಕಿ. ಬೆನ್ನ ಮೇಲೆ ಬಿದ್ದಾಗ ಪಿನ್ ಚುಚ್ಚುತ್ತದೆ.

ಒಬ್ಬನಿಗೆ ಮಾತ್ರ ಗುರುತು ಕೊಡಿ. 1964ರ ಬಾಂಡ್ ಚಿತ್ರದಲ್ಲಿ ಟೋಪಿ ಎಸೆಯುವ ಚೇಲಾ ಆಗಿದ್ದ ಹೆರಾಲ್ಡ್ ಸಕಾಟ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತುವುದರಲ್ಲಿ ಬೆಳ್ಳಿ ಗೆದ್ದವರು. ಪಾತ್ರಕ್ಕೆ ಮಾತೇ ಇಲ್ಲವೆನ್ನುವಷ್ಟು. ಒಂದು ಟೋಪಿ, ಒಂದು ನಿಲುವು, ಜನ ಇವತ್ತಿಗೂ ಮರೆತಿಲ್ಲ. ನಿಮ್ಮಲ್ಲಿ ದಪ್ಪಗಿರುವ, ಮಾತು ಕಮ್ಮಿ ಆಡುವ ಹುಡುಗನನ್ನು ಆರಿಸಿ, ಅವನ ಕೈಗೆ ತೋಟದ್ದೇ ಒಂದು ವಸ್ತು ಕೊಡಿ. ಕಾಫಿ ಚೀಲಕ್ಕೆ ಚುಚ್ಚಿ ಬೀಜ ತೆಗೆದು ನೋಡುವ ಮೊನಚು ಕೊಳವೆ ಇದೆಯಲ್ಲ, ಅದನ್ನು ಬೆರಳ ಮೇಲೆ ತಿರುಗಿಸುತ್ತ ಕೂತವನು ಗನ್ ಹಿಡಿದವನಿಗಿಂತ ಭಯ ಹುಟ್ಟಿಸುತ್ತಾನೆ. ಕ್ಲೋಸಪ್ಪಿಗೆ ಮಾತ್ರ ಅಸಲಿ ಕೊಳವೆ, ಫೈಟಿಗೆ ಪಿ.ವಿ.ಸಿ. ಪೈಪಿನಲ್ಲಿ ಮಾಡಿ ಬಣ್ಣ ಬಳಿದದ್ದು, ತುದಿಗೆ ಮೃದು ಸ್ಪಂಜು.

ಇನ್ನು ಏಟು ತಗಲಿದಂತೆ ಕಾಣದಿರುವುದು. ಹುಡುಗರು ಇದಕ್ಕೆ "ಸ್ವಲ್ಪ ನಿಜವಾಗಿಯೇ ಹೊಡಿ ಮಚ್ಚಾ" ಎಂಬ ಮದ್ದು ಕಂಡುಕೊಂಡಿರುತ್ತಾರೆ. ಅದು ಉಪಯೋಗವಿಲ್ಲ. ನಿಜವಾದ ಏಟು ತೆರೆಯ ಮೇಲೆ ಸಪ್ಪೆ, ಯಾಕೆಂದರೆ ಏಟು ತಿಂದವನು ನಟಿಸುವುದನ್ನು ಮರೆತು ಮುಖ ಹಿಡಿದುಕೊಳ್ಳುತ್ತಾನೆ. ತಪ್ಪು ಇರುವುದು ಕ್ಯಾಮೆರಾ ಜಾಗದಲ್ಲಿ ಮತ್ತು ಲೆನ್ಸಿನಲ್ಲಿ.

ಇಬ್ಬರನ್ನು ಪಕ್ಕದಿಂದ ತೆಗೆದರೆ ಮುಷ್ಟಿಗೂ ಗಲ್ಲಕ್ಕೂ ನಡುವಿನ ಜಾಗ ಹಾಗೇ ಕಾಣುತ್ತದೆ. ಕ್ಯಾಮೆರಾವನ್ನು ಹೀರೊನ ಹೆಗಲ ಹಿಂದೆ ತನ್ನಿ; ಹೀರೊ, ಚೇಲಾ, ಕ್ಯಾಮೆರಾ ಹೆಚ್ಚೂಕಮ್ಮಿ ಒಂದೇ ಗೆರೆಯಲ್ಲಿರಬೇಕು. ಮುಷ್ಟಿ ಚೇಲಾನ ಮುಖದಿಂದ ಆರೆಂಟು ಇಂಚು ಈಚೆಗೆ ಅಡ್ಡವಾಗಿ ಬೀಸಿ ಹೋಗಲಿ. ಕ್ಯಾಮೆರಾಕ್ಕೆ ಅದು ಮುಖವನ್ನು ದಾಟಿದಂತೆ ಕಾಣುತ್ತದೆ, ಆಳ ಕಾಣುವುದಿಲ್ಲ. ಮೊಬೈಲಿನ ಮುಖ್ಯ ಲೆನ್ಸ್ ಸುಮಾರು 24ರಿಂದ 26 ಎಂ.ಎಂ.ಗೆ ಸಮ, ಅಂದರೆ ಅಗಲವಾಗಿ ನೋಡುವ ವೈಡ್ ಲೆನ್ಸ್. ಅದು ನಡುವಿನ ಅಂತರವನ್ನು ಹಿಗ್ಗಿಸಿ ತೋರಿಸುತ್ತದೆ. ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಲೆನ್ಸಿನಲ್ಲಿ ತೆಗೆಯಿರಿ, ಅಂತರ ಕುಗ್ಗುತ್ತದೆ. ಇದೊಂದೇ ಬದಲಾವಣೆಯಿಂದ ನಿಮ್ಮ ಟ್ರಯಲ್ ಅರ್ಧ ಸರಿಹೋಗುತ್ತದೆ.

ಚೇಲಾನ ಕೆಲಸವನ್ನು ಹತ್ತಿರದಿಂದ ನೋಡಿ. ಬಲಗೈ ಹುಕ್, ಅಂದರೆ ಪಕ್ಕದಿಂದ ಬೀಸುವ ಗುದ್ದು, ಬರುತ್ತಿದೆ ಎಂದುಕೊಳ್ಳಿ. ಹೀರೊ ಕೈ ಹಿಂದಕ್ಕೆಳೆಯುವ ಮುನ್ನ ಇಬ್ಬರ ಕಣ್ಣು ಕೂಡಬೇಕು. ಚೇಲಾ ಕಣ್ಣು ಕೊಡುವವರೆಗೆ ಹೀರೊ ಕೈ ಬೀಸಬಾರದು, ಇದು ಮುರಿಯಬಾರದ ಒಪ್ಪಂದ. ಮುಷ್ಟಿ ಮೂಗಿನ ನೇರಕ್ಕೆ ಬಂದ ಕ್ಷಣಕ್ಕೆ ಮೊದಲು ಗದ್ದ ತಿರುಗಬೇಕು, ಅದರ ಹಿಂದೆ ತಲೆ, ಆಮೇಲೆ ಹೆಗಲು, ಕೊನೆಗೆ ಕಾಲು. ಮುಷ್ಟಿ ಹೋದ ದಿಕ್ಕಿಗೇ ಹೋಗಬೇಕು. ನಾಲ್ಕೂ ಒಟ್ಟಿಗೆ ತಿರುಗಿದರೆ ಬಾಗಿಲು ತೆರೆದಂತೆ ಕಾಣುತ್ತದೆ. ಮೊದಲೇ ತಿರುಗಿದರೆ ಜನ ನಗುತ್ತಾರೆ. ಕಾಲು ಸೆಕೆಂಡ್ ತಡವಾದರೂ ಪರವಾಗಿಲ್ಲ, ಎಡಿಟಿಂಗಿನಲ್ಲಿ ಸರಿಮಾಡಬಹುದು. ಕತ್ತು ಹಿಸುಕುವ, ಕೂದಲು ಹಿಡಿದೆಳೆಯುವ ಶಾಟ್‌ನಲ್ಲಿ ಶಕ್ತಿಯೆಲ್ಲ ಚೇಲಾನದೇ. ಹೀರೊ ಮುಷ್ಟಿ ಕಟ್ಟಿ ಕೂದಲ ಮೇಲಿಡುತ್ತಾನೆ, ಚೇಲಾ ಎರಡೂ ಕೈಯಿಂದ ಆ ಮುಷ್ಟಿಯನ್ನು ತನ್ನ ತಲೆಗೆ ಒತ್ತಿ ಹಿಡಿದು ತಾನೇ ನಡೆಯುತ್ತಾನೆ. ಎಳೆಯುವವನು ಎಳೆಯುವುದೇ ಇಲ್ಲ. ನಿಲ್ಲಬೇಕೆನಿಸಿದರೆ ಚೇಲಾ ಕೈ ಬಿಟ್ಟರಾಯಿತು.

ಅಭ್ಯಾಸಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ ಇಡಿ. ಮೊದಲು ಕಾಲು ವೇಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಶೂಟಿಂಗ್ ಕೂಡ ಮುಕ್ಕಾಲು ವೇಗದಲ್ಲೇ ಇರಲಿ, ಎಡಿಟಿಂಗಿನಲ್ಲಿ ಶೇ. 8ರಿಂದ 10ರಷ್ಟು ವೇಗ ಹೆಚ್ಚಿಸಿ. ಫಿಲ್ಮ್ ಕಾಲದಲ್ಲಿ ಸೆಕೆಂಡಿಗೆ 24ರ ಬದಲು 22 ಫ್ರೇಮಿನಲ್ಲಿ ಫೈಟ್ ತೆಗೆಯುತ್ತಿದ್ದದ್ದು ಇದೇ ಲೆಕ್ಕಕ್ಕೆ. ಅದಕ್ಕಿಂತ ಹೆಚ್ಚಿಸಿದರೆ ಮೂಕಿಚಿತ್ರವಾಗುತ್ತದೆ. ಕಬಡ್ಡಿ ಹುಡುಗರ ಬಗ್ಗೆ ಒಂದು ಎಚ್ಚರಿಕೆ: ಅವರಿಗೆ ಬೀಳುವ ಭಯ ಇಲ್ಲ, ಅದು ಒಳ್ಳೆಯದು, ಆದರೆ ಹಿಡಿದವರನ್ನು ಬಿಡಬಾರದೆಂಬುದು ರಕ್ತದಲ್ಲಿರುತ್ತದೆ. ಕಾಲು ಹಿಡಿಯುವ ಯಾವ ಶಾಟ್ ಕೂಡ ಅವರಿಗೆ ಕೊಡಬೇಡಿ.

ಮಣಿಕಟ್ಟಿನ ಹುಡುಗನ ವಿಷಯ. ಹಿಂದಕ್ಕೆ ಬೀಳುವಾಗ ಕೈ ಊರುವುದು ಮನುಷ್ಯನ ಸಹಜ ಪ್ರವೃತ್ತಿ. ನೇರವಾಗಿ ಚಾಚಿದ ಕೈ ಮೇಲೆ ಇಡೀ ಮೈಭಾರ ಬೀಳುತ್ತದೆ, ಮಣಿಕಟ್ಟು ಹೋಗುತ್ತದೆ. ಐದು ದಿನವಾದರೂ ನೋವಿದೆ ಎಂದಿದ್ದೀರಿ. ಹೆಬ್ಬೆರಳಿನ ಬುಡದಲ್ಲಿ, ಕೈ ಹಿಗ್ಗಿಸಿದಾಗ ಗುಳಿ ಬೀಳುವ ಜಾಗ ಒತ್ತಿದರೆ ನೋವಾಗುತ್ತದೆಯೇ ನೋಡಿ. ಆಗುತ್ತಿದ್ದರೆ ಅದು ಉಳುಕಲ್ಲದೆ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಯ ಬಿರುಕಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಇದು ಕಾಣದೇ ಹೋಗುವುದುಂಟು. ಅದಕ್ಕೇ ವೈದ್ಯರು ಪಟ್ಟಿ ಹಾಕಿ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸುತ್ತಾರೆ. ರಕ್ತಸಂಚಾರ ಕಮ್ಮಿ ಇರುವ ಮೂಳೆ, ಹಾಗೇ ಬಿಟ್ಟರೆ ಕೂಡಿಕೊಳ್ಳದೇ ಹೋಗಬಹುದು. ಎಣ್ಣೆ ಹಾಕಿ ನೀವಿಸುವುದು ಬೇಡ, ಮೂಳೆ ವೈದ್ಯರ ಹತ್ತಿರ ಕಳಿಸಿ.

ಉಳಿದವರಿಗೆ ಬೀಳುವುದನ್ನು ಕಲಿಸಿ. ಹಾಸನದಲ್ಲಿ ಜೂಡೊ ಬಲ್ಲವರು ಸಿಕ್ಕರೆ ಎರಡು ತರಗತಿ ಹೇಳಿಸಿ, ಅದಕ್ಕೆ ಕೊಡುವ ದುಡ್ಡು ಕ್ಯಾಮೆರಾ ಬಾಡಿಗೆಗಿಂತ ಬೆಲೆಬಾಳುತ್ತದೆ. ಕ್ರಮ ಹೀಗೆ: ಮೊದಲು ಕುಕ್ಕರಗಾಲಿನಿಂದ, ಗದ್ದವನ್ನು ಎದೆಗೆ ಒತ್ತಿ, ಉಸಿರು ಬಿಡುತ್ತ, ಬೆನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳುವುದು. ಎರಡೂ ಅಂಗೈ ಮೊಣಕೈವರೆಗೆ ಚಪ್ಪಟೆಯಾಗಿ, ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ನೆಲಕ್ಕೆ ಬಡಿಯಬೇಕು. ಕೈ ಊರುವುದಲ್ಲ, ಬಡಿಯುವುದು. ಐವತ್ತು ಸಲ ಆದಮೇಲೆ ಅರ್ಧ ನಿಂತು, ಆಮೇಲೆ ಪೂರ್ತಿ ನಿಂತು. ಗದ್ದ ಒತ್ತುವುದನ್ನು ಮರೆತವನು ತಲೆಯ ಹಿಂಭಾಗ ಬಡಿದುಕೊಳ್ಳುತ್ತಾನೆ. ಅಂಥವನನ್ನು ಆ ದಿನ ಬೀಳಿಸಬೇಡಿ. ತಲೆ ಬಡಿದವನಿಗೆ ವಾಂತಿ, ಮಂಕು, ಮರೆವು ಕಂಡರೆ ಶೂಟಿಂಗ್ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಪಲ್ಪರ್ ಮನೆ ನೆಲ ಸಿಮೆಂಟಿನದು. ಎರಡಿಂಚಿನ ಗಟ್ಟಿ ಫೋಮ್ ಮ್ಯಾಟ್ ಹಾಸಿ, ಮೇಲೆ ಗೋಣಿಚೀಲ ಹರಡಿ, ಒಂದಷ್ಟು ಕಾಫಿ ಸಿಪ್ಪೆ ಉದುರಿಸಿ. ತೋಟದ ಮನೆಯಲ್ಲಿ ಗೋಣಿ ಹಾಸಿರುವುದು ಯಾರಿಗೂ ಅಸಹಜ ಅನಿಸುವುದಿಲ್ಲ. ಬೆಂಗಳೂರಿನ ಸೆಟ್ಟಿನಲ್ಲಿ ಮ್ಯಾಟ್ ಮುಚ್ಚಲು ಇಷ್ಟು ಸಲೀಸಾದ ಉಪಾಯ ಸಿಗುವುದಿಲ್ಲ.

ಹತ್ತು ಅಡಿ ಅಟ್ಟದಿಂದ ಬೀಳುತ್ತೇನೆಂದ ಹುಡುಗನಿಗೆ ಲೆಕ್ಕ ತೋರಿಸಿ. ಮೂರು ಮೀಟರಿನಿಂದ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ 27 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿರುತ್ತಾನೆ. ಆ ವೇಗವನ್ನು ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. 60 ಸೆಂ.ಮೀ. ಮೆತ್ತೆ ಒಂದೇ ಸಮನೆ ಕುಗ್ಗುತ್ತ ನಿಲ್ಲಿಸಿದರೆ ಮೈಮೇಲೆ ಸರಾಸರಿ ಐದು ಪಟ್ಟು ಭಾರ. 5 ಸೆಂ.ಮೀ.ನಲ್ಲಿ ನಿಂತರೆ ಅರವತ್ತು ಪಟ್ಟು. ಭತ್ತದ ಹುಲ್ಲಿನ ತೊಂದರೆ ಇಲ್ಲೇ ಇರುವುದು. ಸಡಿಲವಾಗಿ ಹರಡಿದ್ದು ಎರಡು ಕಡೆ ಸರಿದು ಬೆನ್ನು ಸೀದಾ ನೆಲ ಮುಟ್ಟುತ್ತದೆ; ಬಣವೆಯಂತೆ ಒತ್ತಿದ್ದು ಗೋಡೆಯಷ್ಟು ಗಟ್ಟಿ. ಒಬ್ಬ ಬಿದ್ದ ಮೇಲೆ ಎರಡನೆಯ ಟೇಕಿಗೆ ಅದೇ ಹುಲ್ಲು ಅರ್ಧ ಎತ್ತರಕ್ಕಿಳಿದಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ.

ವೃತ್ತಿಯವರು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಪದರಪದರವಾಗಿ ಜೋಡಿಸಿ, ಸುತ್ತ ಹಗ್ಗ ಕಟ್ಟಿ, ಮೇಲೆ ಮ್ಯಾಟ್ ಹಾಕಿ ಬೀಳುತ್ತಾರೆ. ಪೆಟ್ಟಿಗೆ ನಜ್ಜುಗುಜ್ಜಾಗುತ್ತ ವೇಗ ನುಂಗುತ್ತದೆ. ಟೇಕಿಗೊಮ್ಮೆ ಪೆಟ್ಟಿಗೆ ಬದಲಿಸಬೇಕು. ಪೆಟ್ಟಿಗೆ ಸಿಗುವುದು ಕಷ್ಟವಲ್ಲ, ಆದರೆ ಹಿಂದಕ್ಕೆ ಬೀಳುವವನು ಗುರಿ ನೋಡದೆ ನಡುಮಧ್ಯಕ್ಕೆ ಬೀಳಬೇಕು, ಗಾಳಿಯಲ್ಲಿ ಬೆನ್ನು ಅಡ್ಡವಾಗಬೇಕು. ಇದು ತಿಂಗಳುಗಟ್ಟಲೆ ಕಡಿಮೆ ಎತ್ತರದಿಂದ ಮಾಡಿ ಬರುವ ವಿದ್ಯೆ. ಹೇಳಿಕೊಡುವವರು ಪಕ್ಕದಲ್ಲಿಲ್ಲದೆ ನಿಮ್ಮ ಹುಡುಗ ಮಾಡಕೂಡದು. ಹಗ್ಗ, ಮೈಗೆ ಬಿಗಿಯುವ ಹಾರ್ನೆಸ್ ಪಟ್ಟಿ ಎಂದು ಇನ್ನೊಬ್ಬ ಗೆಳೆಯ ಸಲಹೆ ಕೊಡುತ್ತಾನೆ. ಮರ ಹತ್ತುವ ಹಗ್ಗಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾನಾಗಿದ್ದರೆ ಮೂರು ತುಂಡಿನಲ್ಲಿ ತೆಗೆಯುತ್ತೇನೆ. ಒಂದು: ಅಟ್ಟದ ಅಂಚಿನಲ್ಲಿ ಒದೆ ತಿಂದ ಚೇಲಾ ಹಿಂದಕ್ಕೆ ವಾಲುತ್ತಾನೆ. ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ, ಆದರೆ ಅವನು ನಿಜವಾಗಿ ನಿಂತಿರುವುದು ನೆಲದ ಮೇಲಿನ ಮೇಜಿನ ಮೇಲೆ, ಹಿಂದೆ ಸೂರು ಮಾತ್ರ ಕಾಣುತ್ತದೆ, ಬೀಳುವುದು ಗೆಳೆಯರ ಆರು ಕೈಗೆ. ಎರಡು: ಅರ್ಧ ಸೆಕೆಂಡ್, ಮೇಲಿನಿಂದ ಬೀಳುವ ಓವರಾಲ್, ಒಳಗೆ ಗೋಣಿ ಮತ್ತು ಹುಲ್ಲು ತುಂಬಿದ ಗೊಂಬೆ. ಹುಲ್ಲಿಗೆ ಸರಿಯಾದ ಕೆಲಸ ಇದು. ಮೂರು: ಎರಡಡಿ ಎತ್ತರದಿಂದ ಅದೇ ಹುಡುಗ ದಪ್ಪ ಮ್ಯಾಟಿನ ಮೇಲೆ ಬೆನ್ನು ಹಾಕಿ ಬೀಳುತ್ತಾನೆ, ಕ್ಯಾಮೆರಾ ನೆಲದ ಮಟ್ಟದಲ್ಲಿ, ಸಿಪ್ಪೆ ಹಾರುತ್ತದೆ. ಮೂರೂ ಸೇರಿ ಎರಡು ಸೆಕೆಂಡ್. ಸದ್ದು ಸರಿಯಾಗಿ ಕೂರಿಸಿದರೆ ಅಟ್ಟದಿಂದಲೇ ಬಿದ್ದ.

ಬಾಟಲಿ. ಸಿನಿಮಾದಲ್ಲಿ ತೆಳು ಗಾಜಿನ ಬಾಟಲಿ ಬಳಸುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಯಾವ ಗಾಜೂ ತಲೆಗೆ ತಗಲಕೂಡದು. ಬಿಯರ್ ಬಾಟಲಿಗಿಂತ ಮೊದಲು ಬುರುಡೆಯೇ ಬಿರಿಯಬಹುದು. ಅವರು ಬಳಸುವುದು ಪುಡಿಯಾಗುವ ರೆಸಿನ್ ಬಾಟಲಿ. ಸಕ್ಕರೆ ಗಾಜನ್ನು ಮನೆಯಲ್ಲೂ ಮಾಡಬಹುದು, ಆದರೆ ಬಾಟಲಿ ಆಕಾರಕ್ಕೆ ಸಿಲಿಕೋನ್ ಅಚ್ಚು ಬೇಕು, ಎಷ್ಟೋ ಅಚ್ಚಿನಲ್ಲೇ ಒಡೆಯುತ್ತವೆ. ಬಾಟಲಿ ಬಿಟ್ಟು ಕಿಟಕಿಯ ಸಣ್ಣ ಗಾಜಿಗೆ ಬನ್ನಿ. ಸಕ್ಕರೆ 700 ಗ್ರಾಂ, ನೀರು ಅರ್ಧ ಲೀಟರಿಗೆ ಸ್ವಲ್ಪ ಕಮ್ಮಿ, ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 300 ಗ್ರಾಂ, ಕ್ರೀಮ್ ಆಫ್ ಟಾರ್ಟರ್ ಕಾಲು ಟೀ ಚಮಚ. ಎಳೆ ಪಾಕ, ಉಂಡೆ ಪಾಕ ಎಲ್ಲ ದಾಟಿ 150 ಡಿಗ್ರಿ ಸೆಲ್ಸಿಯಸ್‌ಗೆ ಬರಬೇಕು. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಎಳೆಯಾಗದೆ ಟಣ್ಣನೆ ಮುರಿಯಬೇಕು. 145ಕ್ಕೆ ಇಳಿಸಿದರೆ ಬಾಗುತ್ತದೆ, 160 ದಾಟಿದರೆ ಕಂದುಬಣ್ಣ. ಎಣ್ಣೆ ಸವರಿದ ತಟ್ಟೆಯಲ್ಲಿ ಮೂರ್ನಾಲ್ಕು ಮಿ.ಮೀ. ದಪ್ಪಕ್ಕೆ ಹರಡಿ. ಈ ಪಾಕ ಚರ್ಮಕ್ಕೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ, ಉದ್ದ ತೋಳಿನ ಅಂಗಿ, ಕೈಗವಸು ಇರಲಿ. ಸಕ್ಕರೆ ಗಾಜು ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಜುಲೈನಲ್ಲಿ ಬೆಳಗ್ಗೆ ಮಾಡಿದ್ದು ಸಂಜೆಗೆ ಅಂಟುಂಡೆ. ಬಿಸಿಲುಗಾಲದಲ್ಲೂ ಅದೇ ದಿನ ಬಳಸಿ, ಅಲ್ಲಿಯವರೆಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಇದಕ್ಕೂ ಚೂಪು ಅಂಚು ಇರುತ್ತದೆ: ಹೆಗಲು, ಬೆನ್ನಿನಿಂದ ಒಡೆಯಬೇಕು, ಮುಖದಿಂದ ಅಲ್ಲ, ಕಣ್ಣು ಮುಚ್ಚಿರಬೇಕು. ಶಾಟ್ ಆದ ತಕ್ಷಣ ಗುಡಿಸಿ. ಇಲ್ಲವಾದರೆ ಮುಂದಿನ ಶಾಟಿಗೆ ಕೆಂಜಿಗ ಬಂದಿರುತ್ತದೆ.

ಬಂದೂಕಿನ ಬಗ್ಗೆ ನನ್ನ ಉತ್ತರ ಚಿಕ್ಕದು: ಬೇಡ. ಸಾಹುಕಾರರ ಮನಸ್ಸು ಒಳ್ಳೆಯದೇ ಇರಬಹುದು. ಪರವಾನಗಿ ಅವರ ಹೆಸರಿನಲ್ಲಿದೆ, ನಿಮ್ಮ ಹುಡುಗನ ಹೆಸರಿನಲ್ಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಇಬ್ಬರೂ ಸಿಕ್ಕಿಬೀಳುತ್ತಾರೆ. ಅದಕ್ಕಿಂತ ಮುಖ್ಯ, "ಖಾಲಿ ಇದೆ" ಎಂಬ ಮಾತಿಗೆ ಬೆಲೆಯಿಲ್ಲ. 1993ರಲ್ಲಿ ಅಮೆರಿಕದಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು, ಹಿಂದಿನ ಶಾಟಿನ ಡಮ್ಮಿ ತೋಟೆಯಿಂದ ಕಳಚಿದ ಗುಂಡಿನ ತುದಿ ನಳಿಕೆಯಲ್ಲೇ ಸಿಕ್ಕಿಕೊಂಡಿದ್ದು, ಬ್ಲ್ಯಾಂಕ್, ಅಂದರೆ ಗುಂಡಿಲ್ಲದ ಬರೀ ಮದ್ದಿನ ತೋಟೆ, ಹಾರಿಸಿದಾಗ ಅದು ಹೊರಬಂದದ್ದರಿಂದ. 1984ರಲ್ಲಿ ಜಾನ್ ಎರಿಕ್ ಹೆಕ್ಸಮ್ ತಮಾಷೆಗೆಂದು ಬ್ಲ್ಯಾಂಕ್ ಗನ್ನನ್ನು ಕಪಾಲಕ್ಕಿಟ್ಟು ಒತ್ತಿದರು. ಗುಂಡೇ ಇಲ್ಲದಿದ್ದರೂ ಅದರ ಗಾಳಿಯ ಹೊಡೆತಕ್ಕೆ ಬುರುಡೆ ಒಡೆಯಿತು. 2021ರ ಅಕ್ಟೋಬರಿನಲ್ಲಿ ನ್ಯೂ ಮೆಕ್ಸಿಕೊದಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತದ್ದು, ಸುರಕ್ಷಿತ ಎಂದು ಕೊಟ್ಟ ಗನ್ನಿನಲ್ಲಿ ಅಸಲಿ ಗುಂಡಿದ್ದದ್ದರಿಂದ. ನಿಮಗೆ ಪ್ಲಾಸ್ಟಿಕ್ ಆಟಿಕೆ, ಕಪ್ಪು ಸ್ಪ್ರೇ ಪೇಂಟ್ ಸಾಕು. ಬೆಂಕಿ, ಹೊಗೆ, ಸದ್ದು ಎಡಿಟಿಂಗಿನಲ್ಲಿ. ಆಟಿಕೆ ಹಗುರ, ಅದೇ ಅದರ ಗುಟ್ಟು ಬಯಲು ಮಾಡುವುದು. ಒಳಗೆ ಮರಳು ತುಂಬಿ ಅಂಟಿಸಿ, ಕೈ ತಾನಾಗಿ ಜಗ್ಗುತ್ತದೆ.

ಆಟಿಕೆಯಾದರೂ ಠಾಣೆಗೆ ಮೊದಲೇ ಪತ್ರ ಕೊಟ್ಟು ದಿನ, ಸಮಯ, ಜಾಗ, ಜನ ಎಷ್ಟು ಎಂದು ತಿಳಿಸಿ. ಮುಖ ಮುಚ್ಚಿದ ಎಂಟು ಜನ ಗನ್ ಹಿಡಿದು ಸಿಲ್ವರ್ ಓಕ್ ನಡುವೆ ಓಡುವುದನ್ನು ಕೆಲಸಕ್ಕೆ ಬಂದ ಹೆಂಗಸರು ಕಂಡರೆ ಏನಾಗುತ್ತದೆಂದು ಹೇಳಬೇಕಿಲ್ಲ. ರಾತ್ರಿ ಶೂಟಿಂಗ್ ಇಟ್ಟುಕೊಳ್ಳಬೇಡಿ. ಸಕಲೇಶಪುರ, ಆಲೂರು ಕಡೆ ಆನೆ ತೋಟದೊಳಗೇ ಇರುತ್ತವೆ. ಅರಣ್ಯ ಇಲಾಖೆಯವರಲ್ಲೂ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರವೂ ಆ ದಿನ ಆನೆ ಎಲ್ಲಿದೆ ಎಂದು ಕೇಳಿಯೇ ಕ್ಯಾಮೆರಾ ಬಿಚ್ಚಿ.

ತೋಟದಲ್ಲಿ ತಲೆಯ ಮೇಲಿನ ತಂತಿಯನ್ನೂ ನೋಡಿ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಕರೆಂಟ್ ಲೈನಿಗೆ ತಗಲಿ ಜನ ಸತ್ತದ್ದು ನಿಮ್ಮ ಕಡೆ ಯಾರಿಗೂ ಹೊಸದಲ್ಲ. ಮೈಕ್ ಕಟ್ಟುವ ಉದ್ದ ಕೋಲು, ಲೈಟ್ ಸ್ಟ್ಯಾಂಡ್, ಎತ್ತರದ ಟ್ರೈಪಾಡ್ ಎಲ್ಲವೂ ಅದೇ ಏಣಿ. 2021ರ ಆಗಸ್ಟಿನಲ್ಲಿ ಬಿಡದಿ ಬಳಿ ಕನ್ನಡ ಚಿತ್ರವೊಂದರ ಫೈಟ್ ತೆಗೆಯುವಾಗ ಯುವ ಫೈಟರ್ ಒಬ್ಬರು ಸತ್ತದ್ದು ಕ್ರೇನ್ ಹೈಟೆನ್ಷನ್ ತಂತಿಗೆ ತಗಲಿದ್ದರಿಂದ.

ಹಿನ್ನೀರಿನ ಶಾಟ್ ತೆಗೆದುಹಾಕಿ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕ್ಲೈಮ್ಯಾಕ್ಸ್‌ಗೆಂದು ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಜಿಗಿದರು. ನಾಯಕ ಬದುಕಿ ಬಂದರು. ಖಳರ ಪಾತ್ರದ ಉದಯ್, ಅನಿಲ್ ಮೇಲೆ ಬರಲಿಲ್ಲ. ಅವರಿಬ್ಬರಿಗೆ ಲೈಫ್ ಜಾಕೆಟ್ ಇರಲಿಲ್ಲ. ಇಬ್ಬರೂ ಜಿಮ್ಮಿನಲ್ಲಿ ಮೈ ಬೆಳೆಸಿದ ಗಟ್ಟಿ ಆಳುಗಳು, ನಿಮ್ಮ ಹುಡುಗರ ಹಾಗೆಯೇ. ಬೂಟು, ಪ್ಯಾಂಟು ನೀರು ಕುಡಿದರೆ ಬಲಿಷ್ಠನ ತೋಳಿಗೂ ಹೆಚ್ಚು ಹೊತ್ತು ಆಯುಷ್ಯವಿಲ್ಲ. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಮರದ ಬುಡ, ಕೆಸರು ಬೇರೆ. ಮಟ್ಟ ವಾರದಿಂದ ವಾರಕ್ಕೆ ಬದಲಾಗುತ್ತದೆ, ಹೋದ ತಿಂಗಳು ನೋಡಿಬಂದ ಜಾಗ ಈಗ ಬೇರೆಯೇ. ಬದಲಿಗೆ ಪಲ್ಪರ್ ಮನೆಯ ತೊಟ್ಟಿಗೆ ಸೊಂಟದ ಮಟ್ಟಕ್ಕಿಂತ ಕಮ್ಮಿ ನೀರು ತುಂಬಿಸಿ, ತಳ ಉಜ್ಜಿ ಪಾಚಿ ತೆಗೆದು, ಇಬ್ಬರನ್ನು ಕಟ್ಟೆಯ ಮೇಲೆ ಕೂತ ಭಂಗಿಯಿಂದ ಜಾರಿಸಿ. ತಲೆ ಮುಂದಾಗಿ ಯಾರೂ ಬೀಳಬಾರದು. ಪಕ್ಕದಲ್ಲಿ ಇಬ್ಬರು ನಿಂತಿರಲಿ, ಟವೆಲ್ ಮತ್ತು ಬಿಸಿ ಕಾಫಿ ಸಿದ್ಧವಿರಲಿ.

40 ಸಾವಿರದಲ್ಲಿ ಮೊದಲು ಮ್ಯಾಟ್, ಪ್ಯಾಡ್, ಓವರಾಲ್, ಜೂಡೊ ತರಗತಿಗೆ ಎತ್ತಿಡಿ. ಉಳಿದದ್ದು ಊಟ, ಡೀಸೆಲ್, ಡ್ರೋನ್ ಆಸೆ ಇತ್ಯಾದಿಗೆ. ಒಂದು ಜೀಪು ಶೂಟಿಂಗಿಗೆ ಬಳಸದೆ ರಸ್ತೆಯ ಕಡೆ ಮುಖ ಮಾಡಿ ನಿಂತಿರಬೇಕು, ಕೀಲಿ ಅದರಲ್ಲೇ, ಓಡಿಸುವವನು ಚೇಲಾ ಆಗಿರಬಾರದು. ತೋಟದಲ್ಲಿ ನೆಟ್‌ವರ್ಕ್ ಸಿಗುವ ಜಾಗ ಯಾವುದೆಂದು ಎಲ್ಲರಿಗೂ ಗೊತ್ತಿರಲಿ. ಫೈಟ್ ಎಲ್ಲ ಬೆಳಗ್ಗೆ ತೆಗೆಯಿರಿ. ಮಧ್ಯಾಹ್ನ ನಾಲ್ಕರ ಮೇಲೆ, "ಇನ್ನೊಂದೇ ಟೇಕ್" ಎಂದು ಶುರುವಾಗುವ ಹೊತ್ತಿಗೆ, ಬೀಳುವ ಶಾಟ್ ಉಳಿದಿರಬಾರದು. ಡಿಸೆಂಬರ್, ಜನವರಿ ಬೇಡ. ನಿಮ್ಮ ಪಲ್ಪರ್ ಮನೆ ಹಳೆಯದಾದರೂ ಸುತ್ತಲಿನ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಅದರ ಮೇಲೆ ಹಾದು ಓಡಿದ ಚೇಲಾಗೆ ಸಾಹುಕಾರರೇ ನಿಜವಾದ ಏಟು ಕೊಡುತ್ತಾರೆ. ಮಾರ್ಚ್ ಒಳ್ಳೆಯದು.

ಉಳಿದಿರುವುದು ಎಂಟನೆಯ ಚೇಲಾ, ಮಣಿಕಟ್ಟಿನ ಹುಡುಗ. ಅವನನ್ನು ಸಿ.ಸಿ. ಟಿ.ವಿ. ಪರದೆಗಳ ಮುಂದೆ ಕೂರಿಸಿ. ಪಟ್ಟಿ ಕಟ್ಟಿದ ಕೈ ಹಾಗೇ ಕಾಣಲಿ, ಹಳೆಯ ಜಗಳದ ಗುರುತು ಎಂದುಕೊಳ್ಳುತ್ತಾರೆ. ಒಂದು ಕೈಯಲ್ಲಿ ಬನ್ ತಿನ್ನುತ್ತ, ಪರದೆಯಲ್ಲಿ ಒಬ್ಬೊಬ್ಬ ಗೆಳೆಯನೂ ಬೀಳುವುದನ್ನು ಅವನು ನೋಡುತ್ತಾನೆ. ಏಳನೆಯವನು ಬಿದ್ದ ಮೇಲೆ ಬಾಗಿಲ ಕಡೆ ನೋಡುತ್ತಾನೆ, ಬನ್ ಕೆಳಗಿಡುತ್ತಾನೆ, ಹಿಂದಿನ ಕಿಟಕಿಯಿಂದ ಇಳಿದು ತೋಟದೊಳಗೆ ನಡೆದುಬಿಡುತ್ತಾನೆ. ಕಿಟಕಿ ನೆಲದಿಂದ ಎರಡಡಿಗಿಂತ ಎತ್ತರ ಇರದಂಥದ್ದನ್ನು ಆರಿಸಿಕೊಳ್ಳಿ, ಅವನು ಒಂದೇ ಕೈ ಊರಬೇಕಲ್ಲ.